ಗೌಂಡಿ ಕರಿಬಸಪ್ಪನ ಹನ್ನೊಂದು ಸಾವಿರ

ಮಸ್ಕಿಯ ಗೌಂಡಿ ಕರಿಬಸಪ್ಪ ಕಟ್ಟಿದ ಗೋಡೆಗೆ ದಾರ ಹಿಡಿದು ನೋಡುವ ಅಗತ್ಯವಿರಲಿಲ್ಲ. ಲಿಂಗಸುಗೂರಿನ ಹತ್ತಿ ವ್ಯಾಪಾರಿ ಅಮರಗುಂಡಪ್ಪ ಸಾಹುಕಾರ ತನ್ನದೇ ಬ್ಯಾಂಕು ತೆರೆಯಲು ಹೊರಟಾಗ ಅವನನ್ನೇ ಕರೆಸಿದ. ಆದರೆ ಸುಣ್ಣದ ಗಾರೆಯ ಖರ್ಚು ಕೇಳಿದವನೇ, ಹಿಂದಿನ ಗೋಡೆಯ ಕಲ್ಲು ಕೂಡಿಸಲು ಕೆಸರೇ ಸಾಕೆಂದ.

“ಕೆಸರಿನ ಗ್ವಾಡಿ ಕೈಲೆ ಬಿಚ್ಚಬಹುದ್ರೀ ಸಾವ್ಕಾರ್ರ.”

“ಬ್ಯಾಂಕಿನ ಗ್ವಾಡಿ ಮುಟ್ಟಾಕ ಯಾರಿಗೆ ಧೈರ್ಯ ಐತೋ?”

ಎರಡು ವರ್ಷ ಕಳೆಯಿತು. ಮಗಳ ಮದುವೆ ಎದುರಿಗಿತ್ತು, ಕೈಗೆ ಕೆಲಸವಿರಲಿಲ್ಲ. ಕರಿಬಸಪ್ಪನಿಗೆ ಆ ಗೋಡೆ ನೆನಪಾಯಿತು. ಲಿಂಗಸುಗೂರೆಲ್ಲ ಸಂತೆಯಲ್ಲಿದ್ದ ಮಧ್ಯಾಹ್ನ ಅದನ್ನು ಬಿಚ್ಚಿ ಒಳಗೆ ಹೋದ. ಕಬ್ಬಿಣದ ತಿಜೋರಿ ಅಲುಗಲಿಲ್ಲ. ಮೇಜಿನ ಖಾನೆಯಲ್ಲಿದ್ದ ನಲವತ್ತಮೂರು ರೂಪಾಯಿ ತೆಗೆದುಕೊಂಡು ಮನೆಗೆ ಬಂದ.

ಮರುದಿನ ಪೊಲೀಸ್ ಅಮೀನ ಬಂದು ಕನ್ನ ನೋಡಿದ. “ಕಳ್ಳ ಕಲ್ಲು ಕಿತ್ತು ಒಗೀತಾನ. ಇವಾ ಸಾಲಾಗಿ ಜೋಡಿಸಿಟ್ಟಾನ. ಗೌಂಡೀನ್ನ ಕರೀರಿ,” ಎಂದ. ಕರಿಬಸಪ್ಪನ ಮನೆಯ ಜೋಳದ ಗಡಿಗೆಯಲ್ಲಿ ಸಿಕ್ಕ ನಲವತ್ತಮೂರು ರೂಪಾಯಿಯನ್ನು ಮೂವತ್ತೆಂದು ಬರೆದುಕೊಂಡ. ಸಾಹುಕಾರ ಕಳುವಾದದ್ದು ಹನ್ನೊಂದು ಸಾವಿರ ಎಂದು ಬರೆಸಿದ. ಕೋರ್ಟು ಕಚೇರಿಯಲ್ಲಿ ವಿಚಾರಣೆಯೆಲ್ಲ ಆಗಿನ ಸರ್ಕಾರಿ ಭಾಷೆ ಉರ್ದುವಿನಲ್ಲಿ ನಡೆಯಿತು. ನ್ಯಾಯಾಧೀಶರು ಏನೋ ದೊಡ್ಡದಾಗಿ ಕೇಳಿದರು. ತನ್ನ ಹೆಸರು ಕೇಳುತ್ತಿರಬೇಕೆಂದು ಕರಿಬಸಪ್ಪ ಕೈಮುಗಿದು, “ಹೌದ್ರೀ,” ಎಂದ. ಐದು ವರ್ಷ ಸಜೆಯಾಯಿತು.

ಗುಲ್ಬರ್ಗಾ ಜೈಲಿನಲ್ಲಿ ಕುರಿ ಕದ್ದವರೆಲ್ಲ ಹನ್ನೊಂದು ಸಾವಿರದವನಿಗೆ ಕಿಟಕಿಯ ಬಳಿ ಜಾಗ ಬಿಟ್ಟುಕೊಟ್ಟರು. ಇತ್ತ ಸಾಹುಕಾರ, ಎಲ್ಲವೂ ಕಳುವಾಗಿ ಹೋಯಿತೆಂದು ಕಣ್ಣೊರೆಸಿಕೊಂಡು ಬ್ಯಾಂಕು ಮುಚ್ಚಿದ. ಹಣ ಇಟ್ಟವರೂ ಅವನೊಡನೆ ಅತ್ತರು. ಮರುವರ್ಷವೇ ಅವನು ಸಿಂಧನೂರಿನಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನು ಹಾಕಿದ.

ಬಿಡುಗಡೆಯಾಗಿ ಬಂದ ಕರಿಬಸಪ್ಪನಿಗೆ ಮಸ್ಕಿಯಲ್ಲಿ ಹಿಂದೆಂದೂ ಕಾಣದ ಮರ್ಯಾದೆ ಸಿಕ್ಕಿತು. ಅಂಗಡಿಯವರು ಕೇಳದೆಯೇ ಉದ್ರಿ ಕೊಟ್ಟರು. ದಾರಿಯಲ್ಲಿ ಮುಖ ತಿರುಗಿಸುತ್ತಿದ್ದ ನೆಂಟರು ಚೀಲ ಹೊತ್ತು ಬಂದು ನಾಲ್ಕು ದಿನ ಉಳಿದರು. ಅವನು ಎಲ್ಲಿ ಗುದ್ದಲಿ ಹಾಕಿದರೂ ನಾಲ್ಕು ಜನ ನಿಂತು ನೋಡುತ್ತಿದ್ದರು. ನಲವತ್ತಮೂರು ಎಂದು ಅವನು ಹೇಳಿದಷ್ಟೂ, ಇವನು ಭಾರೀ ಗಟ್ಟಿ ಎಂದು ಮೆಚ್ಚಿಕೊಂಡರು.

ಒಂದು ದಿನ ಬಳೆ ಮಾರುವ ಮುದುಕಿ ಮಕ್ತುಂಬೀ ಅವನ ಮನೆಯ ಕಟ್ಟೆಗೆ ಬಂದು ಕುಳಿತಳು. ಅವಳ ನೂರಿಪ್ಪತ್ತು ರೂಪಾಯಿ ಆ ಬ್ಯಾಂಕಿನಲ್ಲಿ ಮುಳುಗಿತ್ತು.

“ನಂದಷ್ಟು ಕೊಟ್ಬಿಡಪಾ. ಉಳಿದದ್ದು ನೀ ಇಟ್ಕೋ.”

“ಆಯಿ, ದೇವರಾಣಿ, ನಾ ತಂದದ್ದು ನಲವತ್ತಮೂರಽ. ಉಳಿದದ್ದು ಸಾವ್ಕಾರ್ರ ತಿಂದಾರ.”

ಮಕ್ತುಂಬೀ ಬೇಸರದಿಂದ ಅವನನ್ನು ನೋಡಿದಳು. “ಕದ್ದೀ, ಹೋಗ್ಲಿ. ಮ್ಯಾಲೆ ಅಂಥಾ ದೊಡ್ಡ ಮನಶ್ಯಾನ ಹೆಸರು ಕೆಡಸ್ತೀ?”

ಕರಿಬಸಪ್ಪ ಅವಳ ಬಳೆಯ ಬುಟ್ಟಿಯನ್ನು ನೆರಳಿಗೆ ಸರಿಸಿದ. “ಕೊಡ್ತೀನಿ ಆಯಿ. ಸ್ವಲ್ಪ ಸ್ವಲ್ಪ,” ಎಂದ.

ಅಂದಿನಿಂದ ಅವನು ಪ್ರತಿ ಸಂತೆಗೂ ತನ್ನ ಕೂಲಿಯಿಂದ ಒಂದು ರೂಪಾಯಿ ಅವಳ ಕೈಗಿಟ್ಟ. ನೂರಿಪ್ಪತ್ತು ತೀರಲು ಹತ್ತಿರ ಹತ್ತಿರ ಎರಡೂವರೆ ವರ್ಷ ಹಿಡಿಯಿತು. “ಹೂತಿದ್ದನ್ನ ಒಂದೊಂದಽ ತೆಗ್ಯಾಕತ್ತಾನ,” ಎಂದು ಅವಳು ಊರಿಗೆಲ್ಲ ಸಾರಿದಳು.

ಸಿಂಧನೂರಿನಲ್ಲಿ ಈ ಸುದ್ದಿ ಕೇಳಿದ ಅಮರಗುಂಡಪ್ಪ ಸಾಹುಕಾರ ಜಿನ್ನಿನ ಗಾದಿಗೆ ಒರಗಿ ತಲೆದೂಗಿದ.

“ನೋಡ್ರಿ, ಜೈಲು ಅಂದ್ರ ಎಂಥಾ ಮನಶ್ಯಾನ್ನೂ ತಿದ್ದತೈತಿ.”