ಗೇಟಿಗೆ ಹೋದ ಹೊಸ ಚೈನು

ನಮ್ಮ ಮಾಕಳಿಯ ಮನೆಯಿಂದ ತುಮಕೂರು ರಸ್ತೆ ಸೇರಬೇಕಾದರೆ ಒಂದು ಏರು ಹತ್ತಲೇಬೇಕಿದ್ದ ಕಾಲ ಅದು. ಪೀಣ್ಯದ ವರ್ಕ್‌ಶಾಪಿನಿಂದ ಬರುವ ಅಪ್ಪನ ಅಂಗಿಯಲ್ಲಿ ಆಯಿಲ್ ವಾಸನೆ, ಕೈಚೀಲದಲ್ಲಿ ನನಗೆ ಬಿಸಿ ಬೋಂಡ. ಅಪ್ಪ ಕಾರ್ಖಾನೆ ವ್ಯಾನು ಹತ್ತತೊಡಗಿದ ಮೇಲೆ ಅವನ ಹಳೇ ಸೈಕಲ್ಲು, ಎಂಟನೇ ಕ್ಲಾಸಿಗೆ ಸೇರಿದ ನನ್ನ ಪಾಲಿಗೆ ಬಂತು. ಬೆಳಗಿನ ಬಸ್ಸುಗಳು ತುಂಬಿ ಬರುತ್ತಿದ್ದವು, ನಮ್ಮೂರಲ್ಲಿ ನಿಲ್ಲುತ್ತಲೇ ಇರಲಿಲ್ಲ. ಸೈಕಲ್ಲಿಲ್ಲದಿದ್ದರೆ ನನಗೆ ಹೈಸ್ಕೂಲೂ ಇಲ್ಲ.

ಆಯುಧ ಪೂಜೆಗೆ ಮನೆಯ ಕಬ್ಬಿಣಕ್ಕೂ ಹೊಸದೇನಾದರೂ ಆಗಬೇಕು ಎನ್ನುವುದು ಅಪ್ಪನ ನೇಮ. ಆ ವರ್ಷ ಸೈಕಲ್ಲಿಗೆ ಫಳಫಳ ಹೊಳೆಯುವ ಹೊಸ ಚೈನು ಹಾಕಿಸಿದ. ಕುಂಕುಮ ಇಟ್ಟು, ಚಕ್ರದಡಿ ನಿಂಬೆಹಣ್ಣು ತುಳಿಸಿ, ಕಡ್ಲೆಪುರಿ ಹಂಚಿದ್ದಾಯಿತು.

ದಸರಾ ರಜೆ ಮುಗಿದ ಮೊದಲ ದಿನ, ಏರಿನಲ್ಲಿ ಎದ್ದು ನಿಂತು ತುಳಿದೆ. ಕಟಕ್! ಚೈನು ಜಾರಿ ಪೆಡಲು ಸರ್ರನೆ ಸುತ್ತಿತು, ನಾನು ರಸ್ತೆಗೆ ಬಿದ್ದೆ. ಇಳಿದು ಬರುತ್ತಿದ್ದ ಲಾರಿ ಪಕ್ಕದಲ್ಲೇ ಗಕ್ಕನೆ ನಿಂತಿತು. ಗೇಟಿನಲ್ಲಿ ನಿಂತು ನೋಡಿದ ಅವ್ವ ಕಿರುಚಿಕೊಂಡು ಓಡಿಬಂದಳು.

ಸಂಜೆ ಅವಳದು ಒಂದೇ ಮಾತು: "ಇನ್ನೊಂದ್ಸಲ ಜಾರುದ್ರೆ ಸೈಕ್ಲೂ ಬ್ಯಾಡ, ಇಸ್ಕೂಲೂ ಬ್ಯಾಡ. ಮಗಳು ಜೀವಂತ ಇದ್ರೆ ಸಾಕು ನಂಗೆ."

"ಒಸಾ ಚೈನು ಕಣೇ, ಎಂಗ್ ಜಾರತದೆ?" ಎಂದು ಅಪ್ಪ ಹಿಂದಿನ ಚಕ್ರ ಎಳೆದೆಳೆದು ಬಿಗಿ ಮಾಡಿದ. ಸೈಕಲ್ ಎತ್ತಿ ಪೆಡಲು ತಿರುಗಿಸಿದ. ಎಲ್ಲ ಸರಿಯಾಗಿತ್ತು. ನನಗೆ ಅಳು ಬಂತು.

"ಸುಮ್ನೆ ತಿರುಗ್ಸುದ್ರೆ ಗೊತ್ತಾಗಲ್ಲಪ್ಪ. ಜೋರಾಗಿ ತುಳುದ್ರೇನೇ ಜಾರೋದು!"

ಅಪ್ಪ ನನ್ನನ್ನೇ ನೋಡಿದ. "ಅಂಗಾ? ಬಾ, ಬ್ರೇಕ್ ಇಡ್ಕೊಂಡು ತುಳಿ," ಎಂದು ಟಾರ್ಚು ಹಾಕಿ ಕೂತ. ನಾನು ಪೆಡಲಿನ ಮೇಲೆ ಮೈಭಾರ ಬಿಟ್ಟೆ. ಹಿಂದಿನ ಚಕ್ರದ ಹಲ್ಲುಬಿಲ್ಲೆ, ಅಂದರೆ ಫ್ರೀವೀಲಿನ ಮೇಲೆ ಚೈನು ಮೆಲ್ಲಗೆ ಮೇಲೆದ್ದು, ಕಟಕ್ಕನೆ ಒಂದು ಹಲ್ಲು ದಾಟಿತು. ವರ್ಷಗಟ್ಟಲೆ ಹಳೇ ಚೈನಿನ ಜೊತೆ ಸವೆದು ಆ ಹಲ್ಲುಗಳು ಗರಗಸದಂತೆ ಒಂದೇ ಕಡೆ ವಾಲಿದ್ದವು. ಹೊಸದು ಅಲ್ಲಿ ಕೂರುತ್ತಲೇ ಇರಲಿಲ್ಲ.

"ಅಯ್ಯೋ ನನ್ ಬುದ್ಧಿಗಿಷ್ಟು! ಸೈಕ್ಲು ನೆಟ್ಟಗೇ ಇತ್ತು, ನಾನೇ ಕೆಡ್ಸುದ್ನಲ್ಲ. ಫ್ರೀವೀಲ್ ತರೋಕೆ ಭಾನ್ವಾರನೇ ಆಗೋದು. ಅಲ್ಲೀಗಂಟ ಅಳೇ ಚೈನೇ ಇರ್ಲಿ."

ಮಂಚದಡಿ, ಅಟ್ಟ, ಎಲ್ಲ ಜಾಲಾಡಿದ. ಅವ್ವ ಮೊದಲ ಸಲ ನಕ್ಕಳು. "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಉಡುಕುದ್ರಂತೆ. ಗೇಟಿಗೆ ಬೀಗ ಆಕೋಕೆ ನೀನೇ ಅಲ್ವಾ ಸುತ್ತಿದ್ದು?"

ಹಳೇ ಚೈನು ಸೈಕಲ್ಲಿಗೆ ಬಂತು, ಹೊಸದು ಗೇಟಿಗೆ ಹೋಯಿತು. ಬೆಳಿಗ್ಗೆ ಅವ್ವ ಸೆರಗು ಬಾಯಿಗೊತ್ತಿ ನಿಂತಿದ್ದಳು. ಅಪ್ಪ ಪಂಚೆ ಎತ್ತಿ ಕಟ್ಟಿ, ಏರಿನುದ್ದಕ್ಕೂ ನನ್ನ ಹಿಂದೆ ಓಡಿಬಂದ. "ತುಳಿ ಮಗಾ, ಎದ್ ನಿಂತ್ಕೊಂಡು ತುಳಿ! ನಾನಿವ್ನಿ!" ಚೈನು ಜಾರಲಿಲ್ಲ. ಭಾನುವಾರ ಬಂದು ಹೋಯಿತು, ಫ್ರೀವೀಲಿನ ಸುದ್ದಿ ಯಾರೂ ಎತ್ತಲಿಲ್ಲ. ಅದೇ ಜೋಡಿಯಲ್ಲಿ ನಾನು ಹತ್ತನೇ ಕ್ಲಾಸು ಮುಗಿಸಿದೆ.

ಮೊನ್ನೆ ಸ್ಕೂಟರಿನಲ್ಲಿ ಆ ಕಡೆ ಹೋಗಿದ್ದೆ. ರಸ್ತೆ ಅಗಲ ಮಾಡುವಾಗ ಏರನ್ನು ಕಡಿದು ಸಮ ಮಾಡಿದ್ದಾರೆ. ಗೇಟಿದ್ದ ಕಡೆ ನಾವೇ ಕಟ್ಟಿಸಿದ ಬಾಡಿಗೆ ರೂಮುಗಳಿವೆ. ಗೇಟು ಗುಜರಿಗೆ ಹೋದಾಗ ಆ ಚೈನೂ ಹೋಯಿತು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ.

ಈಗ ಆ ದಾರಿಯಲ್ಲಿ ಯಾರೂ ಎದ್ದು ನಿಂತು ತುಳಿಯಬೇಕಾಗಿಲ್ಲ. ನನಗೆ ಮಾತ್ರ, ಏನಾದರೂ ಕಷ್ಟ ಬಂದಾಗ, ಹಿಂದೆ ಏದುಸಿರು ಬಿಡುತ್ತಾ ಯಾರೋ ಓಡಿಬರುವ ಸದ್ದು ಬೇಕೆನಿಸುತ್ತದೆ.