ಹಿತ್ತಲು ಹಸನು ಮಾಡಿದ ಎಂಟು ದಿನ

ಮೊನ್ನೆ ನಮ್ಮ ಓಣಿಯಲ್ಲಿ ನಳದ ಪೈಪು ಹಾಕುವವರು ನೆಲ ತೋಡುತ್ತ ಹಳೆಯ ಬೇವಿನ ಬೇರೊಂದನ್ನು ಕಡಿದರು. ಹಸಿ ಬೇರಿನ ಆ ಕಹಿ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಒಲೆಯ ಮೇಲೆ ಹಾಲಿಟ್ಟದ್ದನ್ನೂ ಮರೆತು ನಿಂತುಬಿಟ್ಟೆ. ಬೇವಿನ ಎಲೆಯ ವಾಸನೆ ಬೇರೆ, ಬೇರಿನದು ಬೇರೆ. ಬೇರಿನದರಲ್ಲಿ ಮಣ್ಣಿನ ತಂಪು ಸೇರಿರುತ್ತದೆ, ಮೂಗಿಗಿಂತ ಮೊದಲು ಗಂಟಲಿಗೆ ಇಳಿಯುತ್ತದೆ. ನನಗದು ಮೊದಲು ಬಡಿದದ್ದು ಮಸ್ಕಿಯ ನಮ್ಮ ಮನೆಯ ಹಿತ್ತಲಿನಲ್ಲಿ, ಒಂಬತ್ತೋ ಹತ್ತೋ ವರ್ಷದವಳಿದ್ದಾಗ. ಆಗ ನಿಜಾಮರ ಕಾಲ. ಅಪ್ಪ ಲಿಂಗಸುಗೂರಿನ ಕಚೇರಿಯಲ್ಲಿ ಉರ್ದು ಬರೆಯುವ ಗುಮಾಸ್ತ. ಗುರುವಾರ ಸಂಜೆ ಬಂದು ಶುಕ್ರವಾರದ ರಜೆ ಕಳೆದು ಮತ್ತೆ ಹೊರಟುಬಿಡುತ್ತಿದ್ದ. ಉಳಿದ ದಿನ ಮನೆಯಲ್ಲಿ ಅವ್ವ, ನಾನು, ಅಪ್ಪನ ಅಪ್ಪನಾದ ನಮ್ಮ ಅಜ್ಜ, ಮೂವರೇ. ಆ ಮನೆ ಈಗಿಲ್ಲ. ಮಣ್ಣಿನ ಮಾಳಿಗೆ ಕುಸಿದು, ಜಾಗ ಬೇರೆಯವರ ಪಾಲಾಗಿ, ಅದರ ಮೇಲೆ ಗೊಬ್ಬರದ ಅಂಗಡಿ ಎದ್ದಿದೆ ಎಂದು ಕೇಳಿದ್ದೇನೆ. ನೋಡಲು ಹೋಗಿಲ್ಲ, ಹೋಗುವ ಮನಸ್ಸೂ ಇಲ್ಲ.

ಅಜ್ಜ ತನ್ನ ಕಾಲದಲ್ಲಿ ಹೊಲಗಳನ್ನು ಅಳೆಯುವ ಮೋಜಣಿ ಕೆಲಸ ಮಾಡುತ್ತಿದ್ದವನು. ಸರಪಳಿ ಹೊತ್ತು ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಎರೆಹೊಲಗಳನ್ನೆಲ್ಲ ತುಳಿದವನು. ಯಾವ ಬದು ಎಲ್ಲಿ ತಿರುಗುತ್ತದೆ, ಯಾವ ಗಡಿಕಲ್ಲು ಎಷ್ಟು ಹೆಜ್ಜೆಗೆ ಸಿಗುತ್ತದೆ ಎಂಬುದೆಲ್ಲ ಅವನ ಬಾಯಲ್ಲೇ ಇರುತ್ತಿತ್ತು. ನೌಕರಿ ಬಿಟ್ಟ ಮೇಲೂ ಆ ಚಾಳಿ ಬಿಡಲಿಲ್ಲ. ಅವ್ವ ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿದರೆ ಸಾಲು ವಾರೆಯಾಯಿತೆಂದು ತಕರಾರು ತೆಗೆಯುತ್ತಿದ್ದ. ಮುಂದೆ ಕಣ್ಣಿಗೆ ಪೊರೆ ಬಂತು. "ಮಬ್ಬ ಮಬ್ಬ ಕಾಣತೈತಿ, ಅಷ್ಟ ಸಾಕು," ಎನ್ನುತ್ತಿದ್ದ. ಕೋಲು ಬೇಡ, ಯಾರ ಆಸರೆಯೂ ಬೇಡ. ಒಮ್ಮೆ ಅಪ್ಪ ಮೊಣಕೈ ಹಿಡಿಯಲು ಹೋದಾಗ ಕೊಡವಿಕೊಂಡು, "ಊರ ನೆಲಾ ಅಳದಂವ ನಾ. ನನ್ನ ಕೈ ಹಿಡದು ನಡಸೂ ದಿನ ಬಂದ್ರ, ಅವತ್ತ ನಾ ಸತ್ತೆ ಅಂತ ತಿಳೀರಿ," ಎಂದುಬಿಟ್ಟಿದ್ದ. ಆ ಮಾತಿಗೆ ನಾವೆಲ್ಲ ಹೆದರಿದ್ದೆವು. ಅಂದಿನಿಂದ ಯಾರೂ ಅವನ ಕೈ ಮುಟ್ಟಲಿಲ್ಲ.

ಹಿತ್ತಲು ದೊಡ್ಡದೇನಲ್ಲ. ಅದರಲ್ಲಿ ಕಡಿದ ಮರಗಳ ಎರಡು ಬೊಡ್ಡೆಗಳಿದ್ದವು. ಒಂದು ಜಾಲಿಯದು, ನನ್ನ ಮೊಣಕಾಲೆತ್ತರ. ಇನ್ನೊಂದು ಬೇವಿನದು, ಇಬ್ಬರು ಕೂಡುವಷ್ಟು ಅಗಲ. ಉಳಿದಂತೆ ಎಲ್ಲ ಕಾಡು. ನಡುವೆ ಕರಿಕೆ ಹುಲ್ಲು ಚಾಪೆಯ ಹಾಗೆ ಹಬ್ಬಿತ್ತು. ಬಲಕ್ಕೆ ಉತ್ತರಾಣಿ ನಿಂತಿತ್ತು, ಹತ್ತಿರ ಹೋದರೆ ಸಾಕು, ಅದರ ಮುಳ್ಳುಬೀಜ ಬಟ್ಟೆಗೆ ಅಂಟುತ್ತಿತ್ತು. ಎಡಕ್ಕೆ ತಾನಾಗಿ ಎದ್ದ ಔಡಲ ಗಿಡಗಳ ಸಾಲು, ಅದರಾಚೆ ನೆಗ್ಗಿಲ ಮುಳ್ಳು. ದಿನಾ ಸಂಜೆ ಅಜ್ಜ ಒಬ್ಬನೇ ಹಿತ್ತಲ ಬಾಗಿಲು ದಾಟಿ, ಅವಸರವಿಲ್ಲದೆ ನಡೆದು, ಬೇವಿನ ಬೊಡ್ಡೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ವಾಪಸು ಬಂದು ಸುದ್ದಿ ಹೇಳುತ್ತಿದ್ದ: ಔಡಲ ಕಾಯಿ ಹಿಡಿದಿದೆ, ಉತ್ತರಾಣಿ ಸೊಂಟದ ಮಟ ಬೆಳೆದಿದೆ. ಎಲ್ಲವೂ ಖರೇನೇ ಇರುತ್ತಿತ್ತು. ಹೀಗಾಗಿ ಅವನಿಗೆ ತಕ್ಕಮಟ್ಟಿಗೆ ಕಾಣುತ್ತದೆ ಎಂದೇ ನಾವು ನಂಬಿದ್ದೆವು.

ಒಂದು ಸಂಜೆ ಮಳೆಹನಿ ಬಿತ್ತೆಂದು ಅವಸರದಲ್ಲಿ ಬರುತ್ತ ಜಾಲಿಯ ಬೊಡ್ಡೆಗೆ ಎಡವಿದ. ಹೆಬ್ಬೆರಳ ಉಗುರು ಕಿತ್ತು ರಕ್ತ ಸುರಿಯಿತು. ಅವ್ವ ಅರಿಶಿನ ಹಚ್ಚಿ ಬಟ್ಟೆ ಕಟ್ಟುತ್ತ ಅತ್ತಳು. ಈ ಮನೆಗೆ ಬಂದಾಗಿನಿಂದ ಅವಳನ್ನು ಒಂದು ಮಾತೂ ಗದರದ ಮಾವ ಅವನು. ಹಡೆದ ತಂದೆಗಿಂತ ಅವನ ಮೇಲೆ ಅವಳಿಗೆ ಜೀವ. ಇದೇ ನೆಪದಲ್ಲಿ ಅಪ್ಪ ರಜೆ ಹಾಕಿ, ಸಿಂಧನೂರಿನ ಒಬ್ಬ ಹಕೀಮರ ಹತ್ತಿರ ಎಂಟು ದಿನ ಕಣ್ಣಿಗೆ ಔಷಧಿ ಹಾಕಿಸಿಕೊಂಡು ಬರುವುದೆಂದು ನಿಶ್ಚಯಿಸಿದ. ಅಜ್ಜ ಒಲ್ಲೆ ಒಲ್ಲೆ ಎನ್ನುತ್ತಲೇ ಬಂಡಿ ಹತ್ತಿದ. ಬಂಡಿ ಕಣ್ಮರೆಯಾಗುವುದೇ ತಡ, ಅವ್ವ ಸೆರಗು ಸೊಂಟಕ್ಕೆ ಸಿಗಿಸಿದಳು. ಮಾವ ತಿರುಗಿ ಬರುವಷ್ಟರಲ್ಲಿ ಹಿತ್ತಲಿನಲ್ಲಿ ಕಾಲಿಗೆ ತಾಗುವ ಒಂದು ಮುಳ್ಳೂ, ಒಂದು ಬೊಡ್ಡೆಯೂ ಇರಬಾರದು ಎಂಬುದು ಅವಳ ಹಟ.

ಬೊಡ್ಡೆ ಕೀಳಲು ಪಕ್ಕದ ಓಣಿಯ ಖಾಸೀಮಸಾಬ ಬಂದ. ಕಟ್ಟಿಗೆ ಸೀಳುವುದು ಅವನ ಕಸುಬು, ಅರ್ಧ ಕನ್ನಡ ಅರ್ಧ ದಖನಿ ಅವನ ಮಾತು. ಮೊದಲ ಎರಡು ದಿನ ಬುಡದ ಸುತ್ತ ಆಳಾಗಿ ತೋಡಿ ನೀರು ಬಿಟ್ಟ, ಎರೆಮಣ್ಣು ಸಡಿಲಾಗಲಿ ಎಂದು. ಆಮೇಲೆ ಪಕ್ಕದ ಬೇರುಗಳನ್ನು ಒಂದೊಂದಾಗಿ ಕೊಡಲಿಯಿಂದ ಕಡಿದ. ಜಾಲಿ ಒಂದೇ ದಿನಕ್ಕೆ ಸೋತಿತು. ಬೇವು ಮಾತ್ರ ಜಗ್ಗಲಿಲ್ಲ. "ಇದರ ಜಡ್, ಬೇರು, ಭಾಳ ಹಟಮಾರಿ ಐತವ್ವ. ನಾ ಮ್ಯಾಲ ಕಡದಂಗ ಇದು ಕೆಳಗ ಕುಂತು ನಗಾಕತ್ತೈತಿ," ಎಂದು ಬೆವರು ಒರೆಸಿಕೊಂಡ. ಕೊಡಲಿ ಕೆಳಗಿಟ್ಟು, "ಅಜ್ಜಾರ್ನ ಒಂದ ಮಾತ ಕೇಳಬೇಕಿತ್ತೇನೋ. ದಿನಾ ಇದರ ಮ್ಯಾಲ ಕುಂದರತಿದ್ರು," ಎಂದ. ಅವ್ವ ನಕ್ಕಳು. "ಅವರಿಗೆ ಹೊಸಾ ಕಟ್ಟಿ ಕಟ್ಟಸ್ತೀನಿ ತಗೋ. ಬಂದ ನೋಡಿ ಖುಷಿ ಆಗ್ಲಿ." ಕೊನೆಗೆ ಕಬ್ಬಿಣದ ಹಾರಿ ಕೊಟ್ಟು ಮೀಟಿ, ಹಗ್ಗ ಬಿಗಿದು, ಎರಡೆತ್ತು ಹೂಡಿ ಎಳೆದಾಗ ತಾಯಿಬೇರು ಕಳಚಿ ಬೊಡ್ಡೆ ಮಗ್ಗುಲಾಯಿತು.

ಹುಲ್ಲು ನನ್ನ ಮತ್ತು ಅವ್ವನ ಪಾಲು. ಕರಿಕೆಯನ್ನು ಜಗ್ಗಿ ಕಿತ್ತರೆ ಮುಗಿಯುವುದಿಲ್ಲ. ಎರಡು ಗೇಣು ಅಗೆದು, ಹೆಂಟೆ ಒಡೆದು, ಒಂದೊಂದು ಗಣ್ಣನ್ನೂ ಆರಿಸಬೇಕು. ಒಂದು ಗಣ್ಣು ಉಳಿದರೂ ಮಳೆಯಾದ ಮೇಲೆ ಮತ್ತೆ ಹಾಜರು. ಜೇಕು ಹುಲ್ಲಿನ ಗಡ್ಡೆ ಇನ್ನೂ ಮೋಸದ್ದು, ಎಳೆದರೆ ಎಸಳು ಕೈಗೆ ಬಂದು ಗಡ್ಡೆ ನೆಲದಲ್ಲೇ ಉಳಿಯುತ್ತದೆ. ಉತ್ತರಾಣಿ ಕೀಳುವಾಗ ನನ್ನ ಕೈ ಒಂದು ಗಳಿಗೆ ನಿಂತಿತು. ಅಜ್ಜ ನಡೆಯುವಾಗ ಅದು ಧೋತರಕ್ಕೆ ಅಂಟಿದರೆ ಬೈಯದೆ, ಬಗ್ಗಿ ಮುಟ್ಟಿ, ಮುಗುಳ್ನಕ್ಕು, ಒಂದು ಹೆಜ್ಜೆ ಎಡಕ್ಕೆ ಸರಿಯುತ್ತಿದ್ದುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಅವ್ವನಿಗೆ ಹೇಳಬೇಕೆನ್ನಿಸಿತು. ಏನೆಂದು ಹೇಳುವುದು ತಿಳಿಯಲಿಲ್ಲ. ಕಿತ್ತು ಬುಟ್ಟಿಗೆ ಹಾಕಿದೆ. ಔಡಲ ಸಾಲನ್ನು ಅವ್ವ ಬುಡಸಮೇತ ಕಿತ್ತಳು. ಅಂದು ನನಗೆ ಗೊತ್ತಿತ್ತೇ, ಇರಲಿಲ್ಲವೇ? ಇಷ್ಟು ವರ್ಷವಾದರೂ ಇದೊಂದು ನನಗೆ ಬಗೆಹರಿದಿಲ್ಲ. ಗೊತ್ತಿತ್ತು ಎಂದರೆ ಎದೆ ಉರಿಯುತ್ತದೆ, ಗೊತ್ತಿರಲಿಲ್ಲ ಎಂದರೆ ಸುಳ್ಳು ಹೇಳಿದಂತಾಗುತ್ತದೆ.

ಎಂಟನೆಯ ದಿನ ಸಂಜೆ ಬಂಡಿ ಬಂತು. ಅಪ್ಪ ಇಳಿಯುತ್ತಲೇ ನಗುತ್ತ, "ಹಕೀಮರು ಬೆರಳು ತೋರ್ಸಿ ಎಷ್ಟು ಅಂತ ಕೇಳಿದ್ರ, ನಿಮ್ಮ ಬೆರಳಿನ ಲೆಕ್ಕ ನಿಮಗ ಗೊತ್ತಿರಬೇಕಲ್ರೀ ಅಂದಬಿಟ್ಟ ನೋಡು ನಮ್ಮಪ್ಪ," ಎಂದ. ಅವ್ವ ಕಾಲಿಗೆ ನೀರು ಕೊಟ್ಟು, ಈಗ ಹೇಗಿದೆ ಎಂದು ಕೇಳಿದಳು. "ಚೊಲೊ ಐತವ್ವ. ಮೊದಲಿಗಿಂತ ಎಷ್ಟೋ ಬೆಳಕು," ಎಂದ ಅಜ್ಜ. ಅವ್ವನ ಮುಖ ಅರಳಿತು. "ಹಂಗಾರ ಬರ್ರಿ ಮಾವ, ಹಿತ್ತಲಾ ನೋಡ್ರಿ," ಎಂದು ಬಾಗಿಲು ತೆರೆದಳು. ಹೊರಗೆ ಕರಿಯ ನೆಲ ಸಮತಟ್ಟಾಗಿ, ಸಂಜೆಯ ಬಿಸಿಲಿಗೆ ಬರಿದಾಗಿ ಬಿದ್ದಿತ್ತು. ಶಾಬಾಸ್ ಅನ್ನಿಸಿಕೊಳ್ಳಲು ಖಾಸೀಮಸಾಬನೂ ಗೋಡೆಯ ಹತ್ತಿರ ನಿಂತಿದ್ದ. ಅಜ್ಜ ಹೊಸ್ತಿಲ ಮೇಲೆ ನಿಂತು ಮುಖವನ್ನು ಎಡಕ್ಕೆ ತಿರುಗಿಸಿದ.

"ಎಂಟ ದಿನದಾಗ ಔಡಲ ಎಷ್ಟ ಬೆಳದೈತಲ್ಲಬೇ," ಎಂದ. "ಗ್ವಾಡಿ ಮುಚ್ಚೇಬಿಟ್ಟೈತಿ."

ಖಾಸೀಮಸಾಬ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಎಲ್ಲಿದೆ ಔಡಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪನ ಕೈ ನನ್ನ ಭುಜವನ್ನು ಒತ್ತಿತು. ಅವ್ವ ಸೆರಗು ಬಾಯಿಗಿಟ್ಟುಕೊಂಡಳು, ತೆಗೆದಳು. ಅವಳ ದನಿ ಹೇಗೆ ಅಷ್ಟು ಸರಾಗ ಬಂತೋ ನನಗಂತೂ ಗೊತ್ತಿಲ್ಲ. "ಹೌದ್ರಿ ಮಾವ," ಎಂದಳು, "ಭಾಳ ಬೆಳದೈತ್ರಿ."

ಅಜ್ಜ ಕೆಳಗಿಳಿದ. ಪಾದ ಕರಿಕೆಯನ್ನು ಹುಡುಕಿ, ಅಗೆದ ಮಣ್ಣಿನಲ್ಲಿ ಹೂತಿತು. ಎಡಗೈ ಎಲೆಗಳಿಗಾಗಿ ಚಾಚಿ ಗಾಳಿಯಲ್ಲಿ ಉಳಿಯಿತು. ನಾಲ್ಕು ಹೆಜ್ಜೆ ಇಟ್ಟ, ಐದನೆಯದಕ್ಕೆ ನಿಂತ. ಬಲಕ್ಕೆ ಹೋದ, ಉತ್ತರಾಣಿ ಅಂಟಲಿಲ್ಲ. ಒಂದು ಸುತ್ತು ತಿರುಗಿದ, ಮತ್ತೊಂದು ಅರ್ಧ ಸುತ್ತು. ಕೊನೆಗೆ ಅವನ ಮುಖ ಮನೆಯ ಕಡೆ ಇರಲಿಲ್ಲ, ಹಿಂದಿನ ಗೋಡೆಯ ಕಡೆ ಇತ್ತು, ಮತ್ತು ಅದು ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಏನೇನೂ ಕಾಣುತ್ತಿರಲಿಲ್ಲ ಎಂಬುದು ನಮಗೆಲ್ಲ ಆಗ ತಿಳಿಯಿತು. ನಾವು ಕಸವೆಂದು ಕಿತ್ತದ್ದೆಲ್ಲ ಅವನು ತನಗಾಗಿ ನೆಟ್ಟುಕೊಂಡ ಗಡಿಕಲ್ಲುಗಳಾಗಿದ್ದವು. ಅವನು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ಪುಡಿ ಮಾಡಿದ.

"ಕರಿಕಿ ಒಂದ ಗಣ್ಣೂ ಉಳಿದಿಲ್ಲ. ಚೊಲೊ ಹಸನ ಮಾಡೀಯವ್ವ," ಎಂದ, ಮೆಲ್ಲಗೆ. ಆಮೇಲೆ ಇನ್ನೂ ಮೆಲ್ಲಗೆ ನನ್ನನ್ನು ಕರೆದ, "ನೀಲಾ, ಎಲ್ಲಿ ಅದೀ ತಂಗಿ? ಮನಿ ಯಾ ಕಡೆ ಐತಿ ಹೇಳು."

ನಾನು ಓಡಿಹೋಗಿ ಅವನ ಕೈ ಹಿಡಿದುಕೊಂಡೆ. ಅವನು ಕೊಡವಿಕೊಳ್ಳಲಿಲ್ಲ.

ಆ ರಾತ್ರಿ ಅಪ್ಪ ಉಣ್ಣಲಿಲ್ಲ. ಎಂಟು ದಿನ ಒಂದೇ ಚಾಪೆಯ ಮೇಲೆ ಮಲಗಿದ್ದರೂ ತನಗೆ ತಿಳಿಯಲಿಲ್ಲವಲ್ಲ ಎಂದು ಹಣೆ ಬಡಿದುಕೊಂಡ. ಅವ್ವ ನನ್ನನ್ನೇ ಕೇಳಿದಳು, "ನಾ ಮಾಡಿದ್ದು ತಪ್ಪೇನಬೇ?" ಮರುದಿನ ಬೆಳಿಗ್ಗೆ ಖಾಸೀಮಸಾಬ ತಾನು ಕಟ್ಟಿಗೆಗೆಂದು ಒಯ್ದಿದ್ದ ಬೇವಿನ ಬೊಡ್ಡೆಯನ್ನು ತಾನಾಗಿಯೇ ಬಂಡಿಯಲ್ಲಿ ಹೇರಿ ತಂದ. ಪುಣ್ಯಕ್ಕೆ ಇನ್ನೂ ಸೀಳಿರಲಿಲ್ಲ. ತಿರುಗಿ ಹೂಳಬೇಕೆಂದರೆ ಎಲ್ಲಿ? ಇಲ್ಲಿತ್ತು ಎಂದು ಅವ್ವ, ಇನ್ನೂ ಆಚೆ ಎಂದು ಖಾಸೀಮಸಾಬ, ಎರಡೂ ಅಲ್ಲ ಎಂದು ನಾನು. ತೋಡಿದ ಗುಂಡಿಯನ್ನು ಗುರುತೂ ಸಿಗದಷ್ಟು ನೀಟಾಗಿ ನಾವೇ ಮುಚ್ಚಿದ್ದೆವು. ಹೊಸ್ತಿಲಿನಿಂದ ಅದಕ್ಕೆ ಎಷ್ಟು ಹೆಜ್ಜೆ ಎಂದು ಬಲ್ಲವನು ಮನೆಯಲ್ಲಿ ಒಬ್ಬನೇ ಇದ್ದ. ಅವನನ್ನು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಬೊಡ್ಡೆ ಎರಡು ತಿಂಗಳು ಮಗ್ಗುಲಾಗಿ ಬಿದ್ದಿದ್ದು, ಕೊನೆಗೆ ನೀರೊಲೆಗೆ ಹೋಯಿತು.

ಹಿತ್ತಲಲ್ಲಿ ಬದನೆ ಬಂತು, ಪುಂಡಿಪಲ್ಯ ಬಂತು. ಅಜ್ಜ ಉಂಡು, ರುಚಿಯಾಗಿದೆ ಎಂದು ಹೊಗಳಿದ. ಅವ್ವ ಪ್ರತಿ ಸಲವೂ ತಟ್ಟೆಯ ಮುಂದಿನಿಂದ ಎದ್ದು ಒಳಗೆ ಹೋಗುತ್ತಿದ್ದಳು. ನಮಗೆ ಗೊತ್ತಾಗಿದೆ ಎಂಬುದು ಅವನಿಗೆ ಗೊತ್ತಿತ್ತೇ? ಗೊತ್ತಿದ್ದೂ ನಮ್ಮ ಸಲುವಾಗಿ ಸುಮ್ಮನಿದ್ದನೇ? ಆ ಮನೆಯಲ್ಲಿ ಯಾರು ಯಾರನ್ನು ಕಾಪಾಡುತ್ತಿದ್ದರು ಎಂಬುದು ನನಗೆ ಇವತ್ತಿಗೂ ಗೋಜಲು. ಆಮೇಲೆ ಅವನು ಎರಡು ವರ್ಷ ಬದುಕಿದ್ದ. ದಿನಾ ಸಂಜೆ ನಾನು ಅವನನ್ನು ಹಿತ್ತಲಿಗೆ ಕರೆದೊಯ್ಯುತ್ತಿದ್ದೆ. ಏನೇನು ಬೆಳೆದಿದೆ ಎಂದು ಕೇಳುತ್ತಿದ್ದ. ಒಂದು ದಿನ ಬದನೆ ಹೂವೆಂದು ಹೇಳುತ್ತಿದ್ದೆ, ಇನ್ನೊಂದು ದಿನ ಔಡಲ ಕಾಯಿಯೆಂದು, ಎರಡಕ್ಕೂ ಹೂಂಗುಟ್ಟುತ್ತಿದ್ದ. ಒಮ್ಮೆ ತಡೆಯಲಾರದೆ, "ಅಜ್ಜಾ, ಮೊದಲಿನ ಹಿತ್ತಲಾ ಹೇಳ್ಲೋ, ಈಗಿಂದು ಹೇಳ್ಲೋ?" ಎಂದು ಕೇಳಿಬಿಟ್ಟೆ.

"ಯಾದಾರ ಹೇಳು," ಎಂದ. "ಕೈ ಮಾತ್ರ ಬಿಡಬ್ಯಾಡ."