ಕರಡಿಗೆ ಒತ್ತಿದ ಗಂಟು

ಎಡ ಎದೆಯಲ್ಲಿ ಗಂಟು ಕೈಗೆ ಸಿಕ್ಕಾಗ ನಾನು ಬೈದದ್ದು ಕರಡಿಗೆಯನ್ನು. ಒಳಗೆ ಲಿಂಗವಿರುವ ಬೆಳ್ಳಿಯ ಕರಡಿಗೆ, ಶಿವದಾರದಲ್ಲಿ ಕೊರಳಿಗೆ ಹಾಕಿಕೊಂಡರೆ ಸರಿಯಾಗಿ ಅಲ್ಲೇ ಬಂದು ಕೂರುತ್ತದೆ. ನನಗೋ ಬೋರಲು ಮಲಗುವ ಅಭ್ಯಾಸ. ಒತ್ತಿ ಒತ್ತಿ ಗಂಟಾಗಿದೆ, ಇನ್ನೇನು ಅಂದುಕೊಂಡು ದಾರವನ್ನು ಹೊಕ್ಕುಳವರೆಗೆ ಉದ್ದ ಮಾಡಿಕೊಂಡೆ.

ಅದು ಅತ್ತೆಮ್ಮನ ಕಣ್ಣಿಗೆ ಬಿತ್ತು. ಲಿಂಗದ ವಿಷಯದಲ್ಲಿ ನನ್ನ ಅತ್ತೆಯಷ್ಟು ಕಟ್ಟುನಿಟ್ಟಿನವರು ನಮ್ಮೂರು ಸತ್ತೇಗಾಲದಲ್ಲೇ ಇಲ್ಲ.

"ಅದೇನಮ್ಮಿ, ಲಿಂಗಾನ ಒಕ್ಕಳತಾವ ಇಳಿಬುಟ್ಟಿದ್ದೀಯ? ಮ್ಯಾಲಕ್ಕೆ ಕಟ್ಕೊ!"

"ಒತ್ತುತದೆ ಅತ್ತೆಮ್ಮ. ಗಂಟಾಗದೆ."

"ಎಲ್ಲಿ?" ಅಂತ ಅಡುಗೆಮನೆಯಲ್ಲೇ ಮುಟ್ಟಿ ನೋಡಿದರು. ಬಯ್ಯುವುದನ್ನು ಅಲ್ಲಿಗೇ ನಿಲ್ಲಿಸಿದರು. ಮಾರನೆಯ ಬೆಳಿಗ್ಗೆ ಕೊಳ್ಳೇಗಾಲದ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದರು. ಅವತ್ತು ಅವರು ಬಯ್ಯದೆ ಹೋಗಿದ್ದರೆ ನಾನು ಇನ್ನೊಂದು ವರ್ಷ ದಾರ ಉದ್ದ ಮಾಡಿಕೊಂಡೇ ಇರುತ್ತಿದ್ದೆ.

ಕೊಳ್ಳೇಗಾಲದ ಡಾಕ್ಟರು ಮೈಸೂರಿಗೆ ಕಳಿಸಿದರು. ಅಲ್ಲಿ ಪರೀಕ್ಷೆಯಾಗಿ, ಕ್ಯಾನ್ಸರ್, ಎದೆ ತೆಗೆಯಬೇಕು ಅಂದರು. ಬೆಡ್ ಖಾಲಿಯಾದ ಮೇಲೆ ಫೋನ್ ಮಾಡುತ್ತೇವೆ, ಬನ್ನಿ ಅಂದರು.

ಆ ಕಾಯುವುದಿದೆಯಲ್ಲ, ಅದು ಯಾರಿಗೂ ಬೇಡ. ಫೋನನ್ನು ಬಚ್ಚಲಿಗೂ ತೆಗೆದುಕೊಂಡು ಹೋಗುತ್ತಿದ್ದೆ. ನನ್ನ ಕೈಗೆ ಕೆಲಸ ಕೊಡಬಾರದೆಂದು ಯಜಮಾನರು ಮುದ್ದೆ ತಿರುವಲು ನಿಂತರು. ಮುದ್ದೆ ತುಂಬ ಹಿಟ್ಟಿನ ಗಂಟು. "ನನ್ನ ಎದೇಲಿರೋದು ಸಾಲ್ದು ಅಂತ ಇಲ್ಲೂ ಗಂಟಾ?" ಅಂದೆ. ಪಾಪ, ಮುಖ ಸಪ್ಪಗಾಯಿತು. ನಾನೇ ಮೊದಲು ನಕ್ಕೆ, ಆಮೇಲೆ ಅವರೂ ನಕ್ಕರು. ಅಗರದಿಂದ ಅಕ್ಕ ತನ್ನ ಮನೆ ಬಿಟ್ಟು ಬಂದು ನಮ್ಮ ಹಸು ಕರೆದಳು. ಬೀದಿಯವರೆಲ್ಲ ಬ್ರೆಡ್ಡು, ಮೂಸಂಬಿ ಹಿಡಿದು ನೋಡಲು ಬಂದರು. ಒಬ್ಬಾಕೆ, "ಲೊಕ್ಕನಹಳ್ಳೀಲಿ ನಮ್ಮ ಚಿಕ್ಕವ್ವಂಗೂ ಇಂಗೇ ಆಗಿತ್ತು ಕಣವ್ವ," ಅಂತ ರಾಗ ಎಳೆದಳು.

"ಬದುಕವ್ಳಾ?" ಅತ್ತೆಮ್ಮ ಕೇಳಿದರು.

"ಇಲ್ಲ."

"ಅಂಗಾರೆ ಕಾಫಿ ಕುಡ್ದು ಓಗು."

ಎಷ್ಟೊಂದು ಜನ ನನ್ನನ್ನು ಹೊತ್ತುಕೊಂಡಿದ್ದರು! ಆದರೆ ಒಂದು ಮಾತು ಮಾತ್ರ ನನ್ನ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಆಪರೇಷನ್ನಿಗೆ ಬರುವಾಗ ಮೈಮೇಲೆ ಬಳೆ, ಸರ, ದಾರ ಏನೂ ಇರಬಾರದು ಅಂತ ಮೈಸೂರಿನ ನರ್ಸಮ್ಮ ಹೇಳಿದ್ದರು. ನಮ್ಮಲ್ಲಿ ಲಿಂಗ ಮೈಬಿಟ್ಟು ಇಳಿಯಬಾರದು. ಮಣ್ಣಿಗೂ ಅದು ಜೊತೆಯಲ್ಲೇ ಬರಬೇಕು. ಅತ್ತೆಮ್ಮನಂತೂ ಕಣ್ಣಿನ ಪೊರೆ ತೆಗೆಸಲು ಹೋದಾಗ ಲಿಂಗ ಬಿಚ್ಚಿ ಅಂದದ್ದಕ್ಕೆ ಮಂಚದಿಂದ ಎದ್ದು ಬಂದವರು. ಇವತ್ತಿಗೂ ಅವರಿಗೆ ಒಂದು ಕಣ್ಣು ಮಂಜು. ಅವರಿಗೆ ಹೇಗೆ ಹೇಳಲಿ? ನನಗೂ ಸಾವಿಗಿಂತ ಅದೇ ಹೆಚ್ಚಿನ ಭಯ. ಆಪರೇಷನ್ ಮೇಜಿನ ಮೇಲೆ ಏನಾದರೂ ಆದರೆ, ಬರಿಗೊರಳಲ್ಲಿ ಹೋಗಬೇಕಲ್ಲ!

ಕೊನೆಗೂ ಒಂದು ಸಂಜೆ ಫೋನ್ ಬಂತು. ನಾಳೆ ಬಂದು ಸೇರಿಕೊಳ್ಳಿ ಅಂದರು. ಬ್ಯಾಗಿಗೆ ಸೀರೆ ತುಂಬುತ್ತಾ ತಲೆ ಎತ್ತದೆ ಎಲ್ಲವನ್ನೂ ಅತ್ತೆಮ್ಮನಿಗೆ ಹೇಳಿಬಿಟ್ಟೆ. ನಾನು ಹೋಗುವುದೇ ಇಲ್ಲ ಅನ್ನಬೇಕು ಅಂತ ಬಾಯಿ ತೆರೆಯುವಷ್ಟರಲ್ಲಿ ಅವರು ಎದ್ದು ಒಳಗೆ ಹೋದರು. ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಬಂದು ನನ್ನ ಮುಂದೆ ಕೂತರು.

"ತಾ ಇಲ್ಲಿ."

ನನ್ನ ಕೊರಳಿಂದ ಶಿವದಾರ ತೆಗೆದು ತಮ್ಮ ಕೊರಳಿಗೆ ಹಾಕಿಕೊಂಡರು. ಅವರ ಎದೆಯ ಮೇಲೆ ಎರಡು ಕರಡಿಗೆ ಒಂದಕ್ಕೊಂದು ತಗುಲಿದವು. ಪರೀಕ್ಷೆಯ ರಿಪೋರ್ಟ್ ಬಂದ ದಿನವೂ ಅಳದವಳು ನಾನು, ಆವತ್ತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

"ನೀ ಬರೋಗಂಟ ನಿಂದ್ಕೂ ನಾನೇ ಪೂಜೆ ಮಾಡ್ತೀನಿ."

"ಅತ್ತೆಮ್ಮ, ಇನ್ನೊಬ್ಬರ ಲಿಂಗ ಮುಟ್ಬಾರ್ದು ಅಂತ ನೀವೇ ಏಳ್ತಿದ್ರಲ್ಲ?"

"ಮುಟ್ಬಾರ್ದು ಕಣಮ್ಮಿ," ಅಂದರು. "ಅದ್ಕೇ ಬಿರ್ನೆ ವಾಸಿ ಮಾಡ್ಕಂಡು ಬಂದು ಈಸ್ಕೊ."